ಎಂಟೋ ಒಂಬತ್ತೋ

ಚೌಕಿಪೇಟೆಯ ಮುರಿಗೆಪ್ಪನವರ ಅಂಗಡಿಯಲ್ಲಿ
ತಕ್ಕಡಿಗಿಂತ ಮೊದಲು ಭೂತಗನ್ನಡಿ ಹೊರಬರುತ್ತದೆ.
ಸೆರಗಿನ ಗಂಟು ಬಿಚ್ಚಿ ರೂಪಾಯಿ ಇಟ್ಟೆ.
ಅವರು ಮುಟ್ಟಲಿಲ್ಲ. ಬಗ್ಗಿ ಮೂಸಿದರು.
"ತೊಳದೀರೇನವ್ವಾ?"

ಹುಣಿಸೆಹಣ್ಣು, ಚಿಟಿಕೆ ಉಪ್ಪು, ಕೊನೆಗೆ ಭಟ್ಟಿಯ ಬೂದಿ.
ದೊಡ್ಡವರ ಅಂಗಡಿಗೆ ಕರ್ರಗಿನ ದುಡ್ಡು
ಹೇಗೆ ಒಯ್ಯುವುದು ಅಂತ
ಬೆಳಿಗ್ಗೆಯೆಲ್ಲ ಕೂತು ತಿಕ್ಕಿದ್ದೆ.

"ಅರ್ಧ ರೇಟು ಬಚ್ಚಲಕ್ಕ ಹೋತು" ಅಂದರು,
ಬೈಯುವ ಹಾಗಲ್ಲ,
ಯಾರೋ ತೀರಿಕೊಂಡ ಸುದ್ದಿ ಹೇಳುವ ಹಾಗೆ.
ಇಷ್ಟು ವರ್ಷ ಪೆಟ್ಟಿಗೆಯಲ್ಲಿ ಕೂತು ಬಂದ ಕಪ್ಪು
ಕೊಳೆಯಲ್ಲವಂತೆ, ಬೆಳ್ಳಿಯ ಚರ್ಮವಂತೆ.

ಡ್ರಾಯರಿನಿಂದ ಇನ್ನೊಂದು ತೆಗೆದು ತೋರಿಸಿದರು,
ಗಾಜಿನಂಥ ಡಬ್ಬಿಯೊಳಗೆ.
ಅದೇ ರಾಜ, ಅದೇ ಕಿರೀಟ.
ಅವನಿಗೆ ಕಿವಿಯಿತ್ತು, ಹುಬ್ಬಿತ್ತು, ಮೂಗಿಗೆ ತುದಿಯಿತ್ತು.
ನಮ್ಮವನ ಮುಖ ಬೋಳು ಹಪ್ಪಳ.
"ಇದು ಟಂಕಸಾಲಿ ಬಿಟ್ಟ ಮ್ಯಾಲೆ ಯಾರ ಕೈಗೂ ಹೋಗಿಲ್ಲ."
ಒಂದು ಸೇರು ಅಕ್ಕಿನೂ ತಂದಿಲ್ಲೇನು, ಕೇಳಿದೆ.
"ಇಲ್ಲ. ಅದಕ್ಕ ಇಷ್ಟು ಬೆಲೆ."

ನಮ್ಮದನ್ನು ಮಗುಚಿದರು.
ಒಂದು, ಒಂಬತ್ತು, ಮೂರು...
ಆಮೇಲಿನ ಅಂಕಿಗೆ ಬಂದು ಉಸಿರು ಹಿಡಿದರು.
ದೀಪ ಎಡಕ್ಕೆ. ದೀಪ ಬಲಕ್ಕೆ.
ಎಂಟಾದರೆ ಊರ ತುಂಬ ಐತಿ, ತೂಕದ ಬೆಳ್ಳಿ, ಅಷ್ಟೇ.
ಒಂಬತ್ತಾದರೆ
(ಕುರ್ಚಿ ಮುಂದಕ್ಕೆ ಎಳೆದುಕೊಂಡರು)
ಒಂಬತ್ತಾದರೆ, ಹಿಂಗ ಸವೆದರೂ, ಹಿಂಗ ತೊಳೆದರೂ
ಮನೆ ಹುಡುಕಿಕೊಂಡು ಬರ್ತಾರ.
ಕೆಳಗಿನ ಹೊಟ್ಟೆ ಎಡಕ್ಕೆ ಮುಚ್ಚಿದ್ದರೆ ಎಂಟು,
ತೆರೆದಿದ್ದರೆ ಒಂಬತ್ತು.
ಸರಿಯಾಗಿ ಅಲ್ಲೇ ಸವೆದಿದೆ.

"ಏನು ಮಾಡೀರಿ ಇದಕ್ಕ?"

ಏನಂತ ಹೇಳಲಿ.
ನನ್ನ ಅಜ್ಜಿ ಖಾಸಿಂಬಿ
ಮಂಡಕ್ಕಿ ಭಟ್ಟಿಯ ಸಾಲಿಗೆಲ್ಲ ಸೂಲಗಿತ್ತಿ.
ಕೂಸು ಅತ್ತು ಅತ್ತು ಹೊಕ್ಕುಳು
ಗೋಲಿಯ ಹಾಗೆ ಹೊರಗೆ ಬಂದರೆ
ಹೊಟ್ಟು ಉರಿಯುವ ಒಲೆಯ ಬದಿಗೆ ಈ ರೂಪಾಯಿ ಇಟ್ಟು
ಬೆಚ್ಚಗಾದದ್ದನ್ನು ತನ್ನ ಕೆನ್ನೆಗೆ ಹಚ್ಚಿ ನೋಡಿ
ಹೊಕ್ಕುಳ ಮೇಲಿಟ್ಟು ಹಳೆ ಸೀರೆಯ ಪಟ್ಟಿ ಸುತ್ತುವಳು.
ಅಂಕಿಯ ಕಡೆ ಒಳಕ್ಕೆ, ರಾಜನ ಕಡೆ ಹೊರಕ್ಕೆ:
"ಅವನ್ಯಾಕ ನೋಡಬೇಕು ನಮ್ಮ ಕೂಸಿನ ಹೊಟ್ಟಿ?"
ರಾಜನನ್ನು ಸೀರೆ ತಿಂದಿತು, ಅಂಕಿಯನ್ನು ಕೂಸುಗಳು.
ಹಮಾಲಿ ದುರುಗಪ್ಪನ ಅವಳಿಗಳಿಗೆ ಸರದಿಯ ಮೇಲೆ,
ಗಿರಣಿ ತಿಪ್ಪಣ್ಣನ ಮೂರನೆಯವನಿಗೆ,
ನಮ್ಮ ಪ್ಯಾರಿಜಾನಳಿಗೆ, ಆಮೇಲೆ ನನಗೆ.
ಯಾರ ಮನೆಗೆ ಹೋದರೂ ನಲವತ್ತು ದಿನಕ್ಕೆ
ಎಣ್ಣೆಯ ವಾಸನೆ ಹೊತ್ತು ತಿರುಗಿ ಬರುತ್ತಿತ್ತು.
ಬರಗಾಲದಲ್ಲೂ ಅದನ್ನು ಅಕ್ಕಿಗೆ ಕಳಿಸಲಿಲ್ಲ ಅಜ್ಜಿ.

"ಮನ್ಯಾಗ ಬಳಸ್ತಿದ್ವಿ" ಅಂದೆ.

ಮುರಿಗೆಪ್ಪನವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು.
ಅನುಮಾನಕ್ಕೂ ಒಂದು ರೇಟು ಐತಿ ಎಂದು
ಚೀಟಿಯ ಮೇಲೆ ಬರೆದು ನನ್ನ ಕಡೆ ತಿರುಗಿಸಿದರು.
ಬೆಳ್ಳಿಗಿಂತ ಮೇಲೆ, ಆಸೆಗಿಂತ ಎಷ್ಟೋ ಕೆಳಗೆ.
ಭಟ್ಟಿಗೆ ಹೊಸ ಬಾಣಲೆ ಬರುತ್ತದೆ, ಜರಡಿಗೆ ಸಾಲುವುದಿಲ್ಲ.
ನಾಳೆ ಹೇಳ್ತೀನಿ ಅಂದೆ.
"ಮತ್ತ ತೊಳೀಬ್ಯಾಡ್ರಿ" ಅಂದರು, ಮೆಟ್ಟಿಲವರೆಗೂ ಬಂದು.

ರಾತ್ರಿ ಮಗನ ನೋಟುಬುಕ್ಕಿನ ಹಾಳೆಯಡಿ ಇಟ್ಟು
ಪೆನ್ಸಿಲ್ ಉಜ್ಜಿದೆ.
ಒಂದು ಬಂತು, ಒಂಬತ್ತು ಬಂತು, ಮೂರು ಬಂತು.
ಆಮೇಲೆ ಬರೀ ಬೂದು ಬಣ್ಣ.
ಮಗ ಎಂಟು ಅಂದ.
ಅವನಪ್ಪ ನೋಡದೇನೇ ಒಂಬತ್ತು ಅಂದ.

ಇಬ್ಬರೂ ಮಲಗಿದ ಮೇಲೆ
ಅಂಕಿಯ ಕಡೆ ಒಳಕ್ಕೆ ಮಾಡಿ
ಹೊಟ್ಟೆಯ ಮೇಲಿಟ್ಟುಕೊಂಡೆ.
ಎಷ್ಟು ತಣ್ಣಗಿತ್ತೆಂದರೆ ಒಂದು ಸಲ ಬೆಚ್ಚಿದೆ.
ಹುಣಿಸೆಯ ವಾಸನೆ ಇನ್ನೂ ಹೋಗಿರಲಿಲ್ಲ.
ಹೊಕ್ಕುಳಿನ ಗುಂಡಿಯ ಮೇಲೆ
ಗಡಿಗೆಯ ಮುಚ್ಚಳದ ಹಾಗೆ ಕೂತಿತು,
ಉಸಿರಿಗೊಮ್ಮೆ ಏಳುತ್ತ, ಇಳಿಯುತ್ತ.